ರಿಪೋರ್ಟ್ ನಾರ್ಮಲ್ ಬಂತು, ಮಾತ್ರೆ ಬಿಡಬಹುದಾ?

ಥೈರಾಯ್ಡ್ ಮಾತ್ರೆ ತಗೊಳ್ಳೋರು ಈಗ ಎಲ್ಲಾ ಬೀದಿಯಲ್ಲೂ ಸಿಗ್ತಾರೆ. ಇವರಲ್ಲಿ ಕೆಲವರು ಆರು ತಿಂಗಳು ಮಾತ್ರೆ ನುಂಗಿ, ರಕ್ತಪರೀಕ್ಷೆ ಮಾಡಿಸಿ, ರಿಪೋರ್ಟ್ ನಾರ್ಮಲ್ ಬಂದ ಕೂಡಲೇ "ಸದ್ಯ, ವಾಸಿಯಾಯ್ತು" ಅಂತ ಮಾತ್ರೆ ನಿಲ್ಲಿಸಿಬಿಡ್ತಾರೆ. ಎಡವಟ್ಟಾಗೋದೇ ಇಲ್ಲಿ.

ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಕೂತಿರೋ ಗ್ರಂಥಿ ಇದು. ತೂಕ ಸುಮಾರು 20 ಗ್ರಾಂ. ಊಟದಲ್ಲಿ ಸಿಗೋ ಅಯೋಡಿನ್ ಹೀರಿಕೊಂಡು ಟಿ4, ಟಿ3 ಅನ್ನೋ ಹಾರ್ಮೋನು ತಯಾರಿಸುತ್ತೆ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ ಬರೀ 150 ಮೈಕ್ರೋಗ್ರಾಂ. ಆದರೆ ಹೃದಯದ ಬಡಿತ, ಮೈಯ ಬಿಸಿ, ಜೀರ್ಣಕ್ರಿಯೆ, ಎಲ್ಲದರ ವೇಗದ ಮೇಲೂ ಈ ಹಾರ್ಮೋನಿನ ಹಿಡಿತ ಇದೆ.

ಇದಕ್ಕೊಬ್ಬ ಮೇಸ್ತ್ರಿ ಇದ್ದಾನೆ. ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದ್ರೆ "ಕೆಲಸ ಮಾಡು" ಅಂತ ಕೂಗ್ತಾನೆ. ಆ ಕೂಗೇ ಟಿಎಸ್‌ಎಚ್. ಥೈರಾಯ್ಡ್ ಕುಗ್ಗಿದಷ್ಟೂ ಕೂಗು ಜೋರು. ಹಾಗಾಗಿ ಸಾಮಾನ್ಯವಾಗಿ ಟಿಎಸ್‌ಎಚ್ ಜಾಸ್ತಿ ಅಂದ್ರೆ ಥೈರಾಯ್ಡ್ ಕಡಿಮೆ ಅಂತ ಅರ್ಥ. ಆಗ ಸುಸ್ತು, ಚಳಿ, ಮಲಬದ್ಧತೆ, ತೂಕ ಏರಿಕೆ, ಮುಟ್ಟಿನ ಏರುಪೇರು. ಹಾರ್ಮೋನು ಮಿತಿ ಮೀರಿದ್ರೆ ಇದಕ್ಕೆ ತದ್ವಿರುದ್ಧ: ಎದೆ ಡವಡವ, ಕೈನಡುಕ, ಬೆವರು, ತೂಕ ಇಳಿಕೆ.

ಥೈರಾಯ್ಡ್ ಕುಗ್ಗೋದಕ್ಕೆ ದೊಡ್ಡ ಕಾರಣ ಹಶಿಮೊಟೊ ಕಾಯಿಲೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯ ಹಕಾರು ಹಶಿಮೊಟೊ ಅವರ ಹೆಸರೇ ಇದಕ್ಕಿದೆ. ನಮ್ಮದೇ ರೋಗನಿರೋಧಕ ಶಕ್ತಿ ನಮ್ಮ ಗ್ರಂಥಿಯ ಮೇಲೆ ದಾಳಿ ಮಾಡುತ್ತೆ. ಮಾತ್ರೆ ಈ ದಾಳಿಯನ್ನು ನಿಲ್ಲಿಸಲ್ಲ. ಗ್ರಂಥಿ ಕೊಡಬೇಕಾಗಿದ್ದ ಹಾರ್ಮೋನನ್ನು ತಾನು ಕೊಡುತ್ತೆ, ಅಷ್ಟೇ. ಕೊರತೆ ತುಂಬಿದ ಮೇಲೆ ಮೇಸ್ತ್ರಿ ಸುಮ್ಮನಾಗ್ತಾನೆ, ರಿಪೋರ್ಟ್ ನಾರ್ಮಲ್ ಬರುತ್ತೆ. ಅಂದ್ರೆ ನಾರ್ಮಲ್ ಬಂದಿದ್ದು ಮಾತ್ರೆಯಿಂದ!

1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ, ಥೈರಾಯ್ಡ್ ಸಂಪೂರ್ಣ ಕುಗ್ಗಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ಸಾರ ಕೊಟ್ಟರು. ಆಕೆ ಅದನ್ನು ಮುಂದುವರಿಸಿಕೊಂಡು ಇನ್ನೂ 28 ವರ್ಷ ಬದುಕಿದರು.

ಮಾತ್ರೆ ಬಿಟ್ಟ ಮರುದಿನ ಏನೂ ಆಗಲ್ಲ. ದೇಹದಲ್ಲಿರೋ ಟಿ4 ಅರ್ಧಕ್ಕೆ ಇಳಿಯೋಕೇ ಸುಮಾರು ಒಂದು ವಾರ ಬೇಕು. ಅದಕ್ಕೇ "ಬಿಟ್ಟರೂ ಚೆನ್ನಾಗೇ ಇದೀನಿ" ಅನಿಸುತ್ತೆ. ನಿಧಾನಕ್ಕೆ ಸುಸ್ತು ವಾಪಸ್ ಬರುತ್ತೆ. ಗರ್ಭಿಣಿಯರಿಗಂತೂ ಇದು ಇನ್ನೂ ಅಪಾಯ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯೋದು ತಾಯಿಯ ಹಾರ್ಮೋನಿನ ಆಸರೆಯಲ್ಲೇ.

ಹಾಗಂತ ಎಲ್ಲರಿಗೂ ಜೀವನಪೂರ್ತಿ ಮಾತ್ರೆ ಬೇಕು ಅಂತಲ್ಲ. ಹೆರಿಗೆಯಾದ ಮೇಲೆ ಕಾಣಿಸಿಕೊಳ್ಳೋ ಥೈರಾಯ್ಡ್ ಏರುಪೇರು ಎಷ್ಟೋ ಸಲ ತಾನಾಗೇ ಸರಿಹೋಗುತ್ತೆ. ಯಾವುದು ತಾತ್ಕಾಲಿಕ, ಯಾವುದು ಕಾಯಂ? ಅದನ್ನು ವೈದ್ಯರು ಹೇಳಬೇಕು, ರಿಪೋರ್ಟಿನ ಒಂದು ಸಂಖ್ಯೆ ಅಲ್ಲ.

ಅಲ್ಲೀವರೆಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರೆ ತಗೊಳ್ಳಿ. ಕಾಫಿ, ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಇರಲಿ. ಡೋಸ್ ಬದಲಾದ್ರೆ ಆರರಿಂದ ಎಂಟು ವಾರದ ನಂತರ ಮತ್ತೆ ಪರೀಕ್ಷೆ ಮಾಡಿಸಿ. ರಿಪೋರ್ಟ್ ನಾರ್ಮಲ್ ಬಂದ್ರೆ ಖುಷಿಪಡಿ. ಮರುದಿನ ಬೆಳಗ್ಗೆ ಮಾತ್ರೆ ಮಾತ್ರ ಮರೀಬೇಡಿ.