ಸಾಧಕರ ಪುಟಕ್ಕೆ ಯಾರ ಹೆಸರು?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಕಚೇರಿಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ 'ಟಾಪರ್ ಯಾರು?' ಎಂಬುದೇ. ಮಧ್ಯಾಹ್ನದ ಹೊತ್ತಿಗೆ ಫ್ಲೆಕ್ಸ್ ಅಂಗಡಿಗೆ ಫೋಟೋಗಳು ಹೋಗಿರುತ್ತವೆ. ಮರುದಿನ ಗೇಟಿನ ಮೇಲೆ ಏಳೆಂಟು ಮುಖಗಳು ನಗುತ್ತಿರುತ್ತವೆ. ಅವರೆಲ್ಲ ನಿದ್ದೆಗೆಟ್ಟು ಓದಿದವರು, ಅವರಿಗೆ ತುಂಬು ಮನಸ್ಸಿನ ಮುಬಾರಕ್. ಆದರೆ ಈ ವಾರ್ತಾಪತ್ರದ 'ನಮ್ಮ ಸಾಧಕರು' ಪುಟವನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಮೇಲೆ ಹಳೆಯ ಸಂಚಿಕೆಗಳನ್ನೆಲ್ಲ ತೆಗೆದು ನೋಡಿದೆ. ವರ್ಷದಿಂದ ವರ್ಷಕ್ಕೆ ಹೆಸರುಗಳು ಬದಲಾಗಿವೆ, ಪುಟ ಮಾತ್ರ ಹಾಗೇ ಇದೆ: ಹೆಸರು, ವಿಭಾಗ, ಶೇಕಡಾವಾರು ಅಂಕ.

ಕಳೆದ ವರ್ಷ ಕಲಾ ವಿಭಾಗದ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ನಾನು ಕನ್ನಡ ಪಾಸಾದೆ. ಪತ್ರಿಕೇಲಿ ಹಾಕ್ತೀರಾ?" ಎಂದು ಕೇಳಿದಳು. ಜೊತೆಗಿದ್ದ ಗೆಳತಿಯರು ನಕ್ಕರು. ನಾನೂ ನಕ್ಕು, "ಪಾಸಾದವರನ್ನೆಲ್ಲ ಹಾಕೋಕೆ ಜಾಗ ಎಲ್ಲಿದೆಯಮ್ಮ?" ಎಂದುಬಿಟ್ಟೆ. ಆಮೇಲೆ ಅವಳ ತರಗತಿ ಶಿಕ್ಷಕರಿಂದ ವಿಷಯ ಗೊತ್ತಾಯಿತು. ಹುಡುಗಿ ಹತ್ತನೇ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿದವಳು, ಮನೆಮಾತು ದಖನಿ. ಪಿಯುಸಿಯಲ್ಲಿ ಉರ್ದುವನ್ನೇ ತೆಗೆದುಕೊಳ್ಳಬಹುದಿತ್ತು. ಮುಂದೆ ಗ್ರಾಮ ಆಡಳಿತಾಧಿಕಾರಿ ಪರೀಕ್ಷೆ ಬರೆಯಬೇಕು, ಅದಕ್ಕೆ ಕನ್ನಡ ಬೇಕೇ ಬೇಕು ಎಂದು ಹಟ ಹಿಡಿದು ಕನ್ನಡ ಆರಿಸಿಕೊಂಡಿದ್ದಳು. ಮೊದಲ ಪರೀಕ್ಷೆಯಲ್ಲಿ 19, ಎರಡನೆಯದರಲ್ಲಿ 52. ನನ್ನದೇ ವಿಷಯ, ನಾನೇ ಪಾಠ ಮಾಡಿದ ತರಗತಿ. ಆ ನಗುವನ್ನು ಈಗ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ.

ಇಲ್ಲಿ ಅಂಕದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದ್ವಿತೀಯ ಪಿಯುಸಿಯ ಒಟ್ಟು ಅಂಕ 600. ಶೇ. 85, ಅಂದರೆ 510 ದಾಟಿದರೆ ಡಿಸ್ಟಿಂಕ್ಷನ್, ಶೇ. 60, ಅಂದರೆ 360 ದಾಟಿದರೆ ಪ್ರಥಮ ದರ್ಜೆ. 2024ರಿಂದ 'ಪೂರಕ ಪರೀಕ್ಷೆ' ಎಂಬ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2 ಎಂಬ ಕ್ರಮ ಬಂದಿದೆ. ಪಾಸಾದವರೂ ಹೆಚ್ಚು ಅಂಕಕ್ಕಾಗಿ ಮತ್ತೆ ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕವೇ ಉಳಿಯುತ್ತದೆ. ಸರ್ಕಾರವೇ 'ಪೂರಕ' ಎಂಬ ಪದವನ್ನು ತೆಗೆದುಹಾಕಿದರೂ ನಮ್ಮ ಬಾಯಿಂದ ಅದು ಹೋಗಿಲ್ಲ. ನಮ್ಮ ಪುಟವೂ ಏಪ್ರಿಲ್ ಫಲಿತಾಂಶಕ್ಕೇ ಮುಗಿದುಹೋಗುತ್ತದೆ. ಆಮೇಲೆ 19ರಿಂದ 52ಕ್ಕೆ ಏರಿದವರನ್ನು ಕೇಳುವವರಿಲ್ಲ. 33 ಅಂಕಗಳ ಆ ಏರಿಕೆ, 92ರಿಂದ 95ಕ್ಕೆ ಹೋಗುವುದಕ್ಕಿಂತ ಚಿಕ್ಕದು ಎಂದು ನನಗಂತೂ ಅನ್ನಿಸುವುದಿಲ್ಲ.

ಇಲ್ಲಿ ಬಾನು ಮುಷ್ತಾಕ್ ಅವರ ನೆನಪಾಗುತ್ತದೆ. 2025ರ ಮೇ ತಿಂಗಳಲ್ಲಿ ಅವರ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾಡಿಗೆ ನಾಡೇ ಸಂಭ್ರಮಿಸಿತು. ಆ ಸಂಭ್ರಮದ ಬೇರು ಶಿವಮೊಗ್ಗದ ಒಂದು ಶಾಲೆಯಲ್ಲಿದೆ. ಎಂಟು ವರ್ಷದ ಬಾನು ಅವರನ್ನು ಅಲ್ಲಿ ಕನ್ನಡ ಮಾಧ್ಯಮಕ್ಕೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಆ ವರ್ಷ ಆ ಶಾಲೆಯಲ್ಲಿ ನಮ್ಮ ಪುಟದಂಥದ್ದೊಂದು ಇದ್ದಿದ್ದರೆ, ಅಕ್ಷರ ಕಲಿತ ಆ ಪುಟ್ಟ ಹುಡುಗಿಗೆ ಅದರಲ್ಲಿ ಜಾಗ ಸಿಗುತ್ತಿತ್ತೇ?

ಕಣ್ಣಿಗೆ ಬೀಳದ ಇನ್ನೊಂದು ಸಾಧನೆ ಎನ್‌ಎಂಎಂಎಸ್. ಎಂಟನೇ ತರಗತಿಯಲ್ಲಿ ಬರೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ, ಪ್ರತಿ ವರ್ಷ ನವೀಕರಿಸಿಕೊಂಡರೆ. ನಾಲ್ಕು ವರ್ಷಕ್ಕೆ 48,000. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೂಲಿಯ ಮೇಲೆ ನಡೆಯುವ ಮನೆಗಳಲ್ಲಿ ಈ ಹಣ ಎಷ್ಟು ದೊಡ್ಡದು ಎಂದು ನಿಮಗೆ ಹೇಳಬೇಕಾಗಿಲ್ಲ. ಹತ್ತನೇ ತರಗತಿ ಮುಗಿದೊಡನೆ ಮಗನನ್ನು ಪವರ್‌ಲೂಮಿಗೆ ಹಾಕೋಣ ಎಂಬ ಮಾತು ಇಷ್ಟರಿಂದಲೇ ನಿಂತ ಮನೆಗಳಿವೆ. ನಮ್ಮ ಪ್ರೌಢಶಾಲಾ ವಿಭಾಗದವರು ಈ ಹೆಸರುಗಳನ್ನು ನಮಗೆ ದಯವಿಟ್ಟು ಕಳಿಸಿ.

ಇನ್ನು ಸಿಬ್ಬಂದಿಯ ಮಾತು. ಸೆಪ್ಟೆಂಬರ್ 5ರಂದು ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೋ. ಅದು ಯಾರ ಜನ್ಮದಿನವೆಂದು ಎಲ್ಲರಿಗೂ ಗೊತ್ತು. ಆದರೆ ಡಾ. ಎಸ್. ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು, 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಗೆ ಹೂವಿನ ಅಲಂಕಾರ ಮಾಡಿ ರೈಲು ನಿಲ್ದಾಣದವರೆಗೆ ತಾವೇ ಎಳೆದುಕೊಂಡು ಹೋದರು ಎಂಬುದು ಎಷ್ಟು ಜನಕ್ಕೆ ಗೊತ್ತು? ಅದಕ್ಕೆ ಯಾರೂ ಸುತ್ತೋಲೆ ಹೊರಡಿಸಿರಲಿಲ್ಲ.

ಪಕ್ಕದ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ. ಎಸ್. ನಿಸಾರ್ ಅಹಮದ್ ಅವರನ್ನು ನಾವೆಲ್ಲ ನಿತ್ಯೋತ್ಸವದ ಕವಿ ಎಂದೇ ಬಲ್ಲೆವು. ಹಾಜರಿ ಪುಸ್ತಕದಲ್ಲಿ ಮಾತ್ರ ಅವರು ಭೂವಿಜ್ಞಾನದ ಅಧ್ಯಾಪಕರು. ಹಗಲು ಕಲ್ಲು, ಖನಿಜಗಳ ಪಾಠ. ಕವಿತೆ ಉಳಿದ ಹೊತ್ತಿನದು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲೂ ಪಾಠ ಹೇಳಿದ ಅವರು 2006ರಲ್ಲಿ ಅದೇ ಊರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2008ರಲ್ಲಿ ಪದ್ಮಶ್ರೀ ಬಂತು. ನಮ್ಮ ಸ್ಟಾಫ್ ರೂಮಿನಲ್ಲೂ ಪಾಠದ ವಿಷಯ ಒಂದು, ಮನಸ್ಸಿನ ವಿಷಯ ಇನ್ನೊಂದು ಇರುವವರಿದ್ದಾರೆ. ಅವರು ತಾವಾಗಿ ಹೇಳುವುದಿಲ್ಲ, ವಿದ್ಯಾರ್ಥಿಗಳೇ ಪತ್ತೆಹಚ್ಚಬೇಕು.

ಬೋಧಕೇತರ ಸಿಬ್ಬಂದಿಗಂತೂ ಶಾಲೂ ಇಲ್ಲ, ಫೋಟೋವೂ ಇಲ್ಲ. ವಿದ್ಯಾರ್ಥಿವೇತನದ ಅರ್ಜಿ ಹಾಕುವ ದಿನಗಳಲ್ಲಿ ನಮ್ಮ ಕಚೇರಿಯ ಕಿಟಕಿಯ ಬಳಿ ಹತ್ತು ನಿಮಿಷ ನಿಂತು ನೋಡಿ. ಒಬ್ಬ ಹುಡುಗನ ಆಧಾರ್‌ನಲ್ಲಿ 'ಮೊಹಮ್ಮದ್' ಎಂದು ಪೂರ್ತಿ ಇದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಎಂಡಿ' ಎಂದಿರುತ್ತದೆ. ಇನ್ನೊಬ್ಬಳ ಹೆಸರಿನಲ್ಲಿ 'ಬೇಗಂ' ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಎರಡೂ ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಹೆಸರು ಸರಿಯಾಯಿತು ಅನ್ನುವಷ್ಟರಲ್ಲಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲವೆಂದು ತಿಳಿಯುತ್ತದೆ. ಪ್ರತಿ ಮಗುವಿನ ದಾಖಲೆಯನ್ನೂ ಒಂದೊಂದಾಗಿ ನೋಡಿ, ತಂದೆಗೆ ಫೋನ್ ಮಾಡಿ, ಯಾವ ಕಾಗದ ಹಿಡಿದು ಎಲ್ಲಿಗೆ ಹೋಗಬೇಕೆಂದು ಉರ್ದುವಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳುವ ಆ ಗುಮಾಸ್ತರ ಕೆಲಸದಿಂದ ಎಷ್ಟು ಮನೆಗಳಿಗೆ ಹಣ ತಲುಪಿದೆ ಎಂಬ ಲೆಕ್ಕವನ್ನು ಈ ಸಲವಾದರೂ ಅವರಿಂದಲೇ ಪಡೆದು ಅಚ್ಚು ಹಾಕುತ್ತೇವೆ.

ಫೋಟೋ ಬಗ್ಗೆ ಒಂದು ಮಾತು. ಮಗಳ ಮುಖ ಗೇಟಿನ ಮೇಲೆ ಬರುವುದು ಕೆಲವು ಮನೆಯವರಿಗೆ ಇಷ್ಟವಿಲ್ಲ. ಕೆಲವು ಹುಡುಗಿಯರಿಗೂ ಇಷ್ಟವಿಲ್ಲ. ಅದೇ ಕಾರಣಕ್ಕೆ ಅವರ ಹೆಸರನ್ನೇ ಬಿಟ್ಟ ಸಂಚಿಕೆಗಳೂ ಇವೆ, ಅದು ನಮ್ಮ ಸೋಮಾರಿತನ. ಇನ್ನು ಮುಂದೆ ವಿದ್ಯಾರ್ಥಿಯನ್ನೂ ಮನೆಯವರನ್ನೂ ಕೇಳಿಯೇ ಫೋಟೋ ಹಾಕುತ್ತೇವೆ. ಬೇಡವೆಂದರೆ ಹೆಸರು, ಜೊತೆಗೆ ನಾಲ್ಕು ಸಾಲು. ಫೋಟೋಗಿಂತ ಆ ನಾಲ್ಕು ಸಾಲು ಓದುವವರಿಗೆ ಹೆಚ್ಚು ಹೇಳುತ್ತವೆ.

ಆ ನಾಲ್ಕು ಸಾಲಿನಲ್ಲಿ ಏನಿರಬೇಕು? ಎಲ್ಲಿಂದ ಶುರುವಾಯಿತು, ಅಡ್ಡಿ ಏನಿತ್ತು, ಯಾರು ನೆರವಾದರು, ಈಗ ಎಲ್ಲಿಗೆ ಬಂದಿದೆ. 'ಕಠಿಣ ಪರಿಶ್ರಮದಿಂದ', 'ಕಾಲೇಜಿಗೆ ಕೀರ್ತಿ ತಂದಿದ್ದಾರೆ' ಎಂಬ ಮಾತು ಬೇಡ, ಅವು ಯಾರಿಗೆ ಬೇಕಾದರೂ ಹೊಂದುತ್ತವೆ. ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಸೋತ ತಂಡವೂ ಬರೆಯಬಹುದು, ಆಟ ಚೆನ್ನಾಗಿದ್ದರೆ. ಸೋಲು, ಫೇಲು ಬರೆಯುವಾಗ ಮಾತ್ರ ಸಂಬಂಧಪಟ್ಟವರ ಒಪ್ಪಿಗೆ ಇರಲೇಬೇಕು. ಕನ್ನಡ ಪಾಸಾದ ಆ ಹುಡುಗಿಯನ್ನು ಕೇಳಿದ್ದೇನೆ. "52 ಹಾಕಿ ಸರ್, 19 ಬೇಡ" ಎಂದಳು. ಹಾಗೇ ಹಾಕುತ್ತೇವೆ, ಹೆಸರಿನ ಜೊತೆ. ಇಲ್ಲಿ 19 ಬರೆಯಲು ಒಪ್ಪಿದ್ದು ಅವಳ ಹೆಸರು ಹೇಳುವುದಿಲ್ಲ ಎಂಬ ಮಾತಿನ ಮೇಲೆ.

ಚೀಟಿಗಳನ್ನು ಗ್ರಂಥಾಲಯದ ಮೇಜಿನ ಮೇಲಿರುವ ಡಬ್ಬಿಗೆ ಹಾಕಿ. ನಿಮ್ಮ ಬಗ್ಗೆ ನೀವೇ ಬರೆಯಲು ಸಂಕೋಚವಾದರೆ ಪಕ್ಕದ ಬೆಂಚಿನವರು ಬರೆಯಲಿ. ಕನ್ನಡ, ಉರ್ದು, ಇಂಗ್ಲಿಷ್ ಯಾವುದಾದರೂ ಸರಿ. ಹೆಸರನ್ನು ಮಾತ್ರ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಬರೆಯಿರಿ.