ಇಂಧನದ ಲೆಕ್ಕ ಬಲ್ಲ ವೈಮಾನಿಕ

ಸಾಲ ಪಡೆದು ಸರಕು ಕೊಳ್ಳುವ ವ್ಯಾಪಾರಿಗೆ ನಷ್ಟದ ಭಯ ತಪ್ಪಿದ್ದಲ್ಲ. ಎಷ್ಟು ಅಪಾಯವನ್ನು ತಾನು ತಾಳಿಕೊಳ್ಳಬಲ್ಲೆನೆಂಬ ಲೆಕ್ಕ ಮೊದಲೇ ಇದ್ದರೆ ಆ ಭಯ ಹತೋಟಿಯಲ್ಲಿರುತ್ತದೆ. ಯುದ್ಧಕಾಲದ ವಿಮಾನದಲ್ಲಿ ಈ ಲೆಕ್ಕ ಕಲಿತು, ಅದನ್ನು ವ್ಯವಹಾರಕ್ಕೆ ತಂದವರು ಅಮೆರಿಕದ ಉದ್ಯಮಿ ಕರ್ಕ್ ಕರ್ಕೋರಿಯನ್ (1917–2015).

ತರಬೇತಿ

ಕ್ಯಾಲಿಫೋರ್ನಿಯದ ಫ್ರೆಸ್ನೊದಲ್ಲಿ, ಅರ್ಮೇನಿಯನ್ ವಲಸಿಗರ ಕುಟುಂಬದಲ್ಲಿ ಜನಿಸಿದ ಅವರ ಶಾಲಾಭ್ಯಾಸ ಎಂಟನೆಯ ತರಗತಿಗೇ ನಿಂತಿತು. ವಿಮಾನ ಚಾಲನೆ ಕಲಿಯಲು ಶುಲ್ಕ ತೆರುವ ಶಕ್ತಿ ಇರಲಿಲ್ಲ. ಮೊಹಾವೆ ಮರುಭೂಮಿಯಲ್ಲಿ ಪ್ರಸಿದ್ಧ ವಿಮಾನ ಚಾಲಕಿ ಪಾಂಚೊ ಬಾರ್ನ್ಸ್ ಅವರ ಹಸುಗಳನ್ನು ನೋಡಿಕೊಂಡು, ಹಾಲು ಕರೆದು, ಅದಕ್ಕೆ ಪ್ರತಿಯಾಗಿ ಚಾಲನೆಯನ್ನು ಕಲಿತರು.

ಎರಡನೆಯ ಮಹಾಯುದ್ಧದಲ್ಲಿ ಅವರು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ನ ಫೆರಿ ಕಮಾಂಡ್ ಸೇರಿದರು. ಕೆನಡದಲ್ಲಿ ತಯಾರಾದ ಮಾಸ್ಕ್ವಿಟೊ ವಿಮಾನಗಳನ್ನು ಸ್ಕಾಟ್ಲೆಂಡಿಗೆ ತಲುಪಿಸುವುದು ಕೆಲಸ. ದೂರ ಸುಮಾರು 2,200 ಮೈಲಿ. ವಿಮಾನದ ಇಂಧನ ಸಾಲುತ್ತಿದ್ದುದು ಸುಮಾರು 1,400 ಮೈಲಿಗೆ. ಲ್ಯಾಬ್ರಡಾರ್, ಗ್ರೀನ್‌ಲೆಂಡ್, ಐಸ್‌ಲೆಂಡ್ ಮೂಲಕ ತಂಗುತ್ತ ಸಾಗಬಹುದಿತ್ತು. ಆ ದಾರಿಯಲ್ಲಿ ರೆಕ್ಕೆಗೆ ಹಿಮ ಕಟ್ಟುವ ಅಪಾಯ. ಪಶ್ಚಿಮದ ಬಲವಾದ ಗಾಳಿಯನ್ನು ನಂಬಿ ನೇರವಾಗಿಯೂ ಹಾರಬಹುದಿತ್ತು. ನಡುದಾರಿಯಲ್ಲಿ ಗಾಳಿ ಕೈಕೊಟ್ಟರೆ ಸಮುದ್ರವೇ ಗತಿ. ಒಂದು ಯಾನಕ್ಕೆ ಸಿಗುತ್ತಿದ್ದ ಸಂಭಾವನೆ 1,000 ಡಾಲರ್. ಸುಮಾರು ಎರಡೂವರೆ ವರ್ಷಗಳಲ್ಲಿ 33 ವಿಮಾನಗಳನ್ನು ತಲುಪಿಸಿದ ಕರ್ಕೋರಿಯನ್, ಸಂಪಾದನೆಯ ಬಹುಭಾಗವನ್ನು ಉಳಿಸಿದರು.

ವ್ಯವಹಾರ

ಈ ಉಳಿತಾಯವೇ ಮುಂದಿನ ಬಂಡವಾಳವಾಯಿತು. 1947ರಲ್ಲಿ 60,000 ಡಾಲರಿಗೆ ಬಾಡಿಗೆ ವಿಮಾನಗಳ ಸಣ್ಣ ಸಂಸ್ಥೆಯೊಂದನ್ನು ಕೊಂಡರು. ಯುದ್ಧಾನಂತರ ಮಾರಾಟಕ್ಕೆ ಬಂದ ಹೆಚ್ಚುವರಿ ಬಾಂಬರ್ ವಿಮಾನಗಳನ್ನು ಸಾಲ ಮಾಡಿ ಖರೀದಿಸಿದರು. ಆಗ ವಿಮಾನದ ಇಂಧನಕ್ಕೆ ತೀವ್ರ ಕೊರತೆಯಿತ್ತು. ಟ್ಯಾಂಕುಗಳಲ್ಲಿ ಉಳಿದಿದ್ದ ಇಂಧನವನ್ನು ಮಾರಿ ಸಾಲ ತೀರಿಸಿದರು. ವಿಮಾನಗಳು ಅವರಲ್ಲೇ ಉಳಿದವು! ಟ್ರಾನ್ಸ್ ಇಂಟರ್‌ನ್ಯಾಷನಲ್ ಏರ್‌ಲೈನ್ಸ್ ಎಂದು ಬೆಳೆದ ಆ ಸಂಸ್ಥೆಯನ್ನು 1968ರಲ್ಲಿ ಸುಮಾರು 10 ಕೋಟಿ ಡಾಲರಿಗೆ ಮಾರಿದರು. ನಂತರ ಲಾಸ್ ವೇಗಸ್‌ನ ಬೃಹತ್ ಹೋಟೆಲುಗಳ ಒಡೆಯರಾದರು.

ನಮಗೇನು ಪಾಠ?

ಅವರ ಧೈರ್ಯ ಎಲ್ಲರಿಗೂ ಬರುವಂಥದ್ದಲ್ಲ, ಅದೃಷ್ಟವೂ ಜೊತೆಗಿತ್ತು. ಆದರೆ ಅವರ ಲೆಕ್ಕಾಚಾರ ಯಾರಿಗೂ ಎಟುಕುವಂಥದ್ದು. ಹರಾಜಿನಲ್ಲಿ ಹಳೆಯ ಯಂತ್ರ ಅಥವಾ ಉಳಿಕೆ ದಾಸ್ತಾನು ಕೊಳ್ಳುವ ಸಣ್ಣ ಉದ್ಯಮಿ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದರಲ್ಲಿ ಕೂಡಲೇ ನಗದಾಗಬಲ್ಲ ಭಾಗ ಯಾವುದು? ಗಾಳಿ ತಿರುಗಿದರೆ ದಡ ಸೇರುವಷ್ಟು ಇಂಧನ ನನ್ನಲ್ಲಿದೆಯೇ? ಉತ್ತರ ದೊರೆತ ಮೇಲೆ ಸಹಿ ಹಾಕುವುದು ಲೇಸು.