ಮೂರು ನಿಮಿಷಕ್ಕೆ ಎಷ್ಟು ಬೆಲೆ? ಶಿವಮೊಗ್ಗ–ಭದ್ರಾವತಿ ರಸ್ತೆಯ ವೇಗದ ಲೆಕ್ಕ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 18 ಕಿ.ಮೀ. ಈ ಬಿ.ಎಚ್. ರಸ್ತೆಯಲ್ಲಿ ಕಾರನ್ನು ಗಂಟೆಗೆ 70 ಕಿ.ಮೀ. ಬದಲು 100ರಲ್ಲಿ ಓಡಿಸಿದರೆ ಉಳಿಯುವುದು ಮೂರು ನಿಮಿಷ. ಸಿಕ್ಕಿಬಿದ್ದರೆ ದಂಡ ₹1,000. ಡಿಕ್ಕಿಯಲ್ಲಿ ತಿಂಗಳಿಗೆ ₹15,000 ದುಡಿಯುವ ಒಬ್ಬ ಸತ್ತರೆ, ನ್ಯಾಯಮಂಡಳಿಯ ಸೂತ್ರದಂತೆ ಪರಿಹಾರ ₹28 ಲಕ್ಷ ದಾಟುತ್ತದೆ. ಈ ಮೂರು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ವೇಗದ ವ್ಯವಹಾರದಲ್ಲಿ ಲಾಭ ಎಷ್ಟು, ನಷ್ಟ ಯಾರದು ಎಂಬುದು ತಿಳಿಯುತ್ತದೆ.

ಉಳಿಯುವ ಸಮಯ

18 ಕಿ.ಮೀ. ಪೂರ್ತಿ ವೇಗವಾಗಿ ಹೋಗುವ ದಾರಿಯಲ್ಲ. ಶಿವಮೊಗ್ಗ ಕಡೆಯಲ್ಲಿ ಅಮೀರ್ ಅಹ್ಮದ್ ವೃತ್ತ, ತುಂಗಾ ಸೇತುವೆ, ವಿದ್ಯಾನಗರ ದಾಟಬೇಕು. ಭದ್ರಾವತಿ ಕಡೆಯಲ್ಲಿ ಪೇಟೆಯ ಜನಸಂದಣಿ ಇದೆ. ಎರಡೂ ಊರಿನೊಳಗಿನ ಭಾಗಕ್ಕೆ 6 ಕಿ.ಮೀ. ಎಂದು ಬಿಟ್ಟರೆ, ಆಕ್ಸಿಲರೇಟರ್ ಒತ್ತಲು ಸಿಗುವುದು ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಸುತ್ತಿನ ಸುಮಾರು 12 ಕಿ.ಮೀ. ಮಾತ್ರ. ಎಲ್ಲೂ ನಿಲ್ಲದೆ ಈ 12 ಕಿ.ಮೀ. ದಾಟಲು ಬೇಕಾಗುವ ಹೊತ್ತು ಹೀಗಿದೆ:

ಗಂಟೆಗೆ 60 ಕಿ.ಮೀ. – 12 ನಿಮಿಷ
ಗಂಟೆಗೆ 70 ಕಿ.ಮೀ. – 10 ನಿಮಿಷ 17 ಸೆಕೆಂಡ್
ಗಂಟೆಗೆ 80 ಕಿ.ಮೀ. – 9 ನಿಮಿಷ
ಗಂಟೆಗೆ 100 ಕಿ.ಮೀ. – 7 ನಿಮಿಷ 12 ಸೆಕೆಂಡ್

ಕಾರಿನವರು 70ರಿಂದ 100ಕ್ಕೆ ಏರಿದರೆ 3 ನಿಮಿಷ 5 ಸೆಕೆಂಡ್ ಉಳಿಯುತ್ತದೆ. ಬೈಕಿನವರು 60ರಿಂದ 80ಕ್ಕೆ ಏರಿದರೆ ಸರಿಯಾಗಿ 3 ನಿಮಿಷ. ಊರೊಳಗೆ ಬಂದು ಎರಡು ಸಿಗ್ನಲ್‌ನಲ್ಲಿ ನಿಂತರೆ ಅಷ್ಟೂ ಕರಗಿಹೋಗುತ್ತದೆ.

ಮಿತಿ ಎಷ್ಟು?

ಕೇಂದ್ರ ಸಾರಿಗೆ ಸಚಿವಾಲಯ 2018ರ ಏಪ್ರಿಲ್ 6ರಂದು ಹೊರಡಿಸಿದ ಅಧಿಸೂಚನೆಯ ಪ್ರಕಾರ ನಗರಸಭೆ, ಪಾಲಿಕೆ ವ್ಯಾಪ್ತಿಯಲ್ಲೂ ಸಾಮಾನ್ಯ ರಸ್ತೆಗಳಲ್ಲೂ ಕಾರಿಗೆ ಗರಿಷ್ಠ 70 ಕಿ.ಮೀ., ಬಸ್, ಲಾರಿ ಮತ್ತು ಬೈಕಿಗೆ 60, ಆಟೊಗೆ 50. ಮಧ್ಯೆ ವಿಭಜಕ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100, ಬಸ್ಸಿಗೆ 90, ಲಾರಿ ಮತ್ತು ಬೈಕಿಗೆ 80. ಆಟೊಗೆ ಅಲ್ಲಿಯೂ 50. ಇವು ಮೇಲ್ಮಿತಿಗಳು. ಶಾಲೆ, ಆಸ್ಪತ್ರೆ, ಸೇತುವೆ, ತಿರುವುಗಳಲ್ಲಿ ಸ್ಥಳೀಯವಾಗಿ ಇದಕ್ಕಿಂತ ಕಡಿಮೆ ಗೊತ್ತುಮಾಡಿ ಫಲಕ ಹಾಕಿದ್ದರೆ ಆ ಫಲಕದ ಅಂಕಿಯೇ ಕಾನೂನು.

ತುಮಕೂರು–ಶಿವಮೊಗ್ಗ ಹೆದ್ದಾರಿ ನಾಲ್ಕು ಪಥವಾಗುತ್ತಿರುವ ಹೊತ್ತಿನಲ್ಲಿ ಈ ಪಟ್ಟಿಯಲ್ಲಿ ಗಮನಿಸಬೇಕಾದ ಒಂದು ಅಂತರವಿದೆ. ಎರಡು ಪಥದ ರಸ್ತೆಯಲ್ಲಿ ಕಾರಿಗೂ ಆಟೊಗೂ ಕಾನೂನುಬದ್ಧ ವೇಗದ ವ್ಯತ್ಯಾಸ 20 ಕಿ.ಮೀ. ನಾಲ್ಕು ಪಥವಾದ ದಿನ ಅದು 50 ಆಗುತ್ತದೆ. ಗಾರ್ಮೆಂಟ್ಸ್‌ನಿಂದ ಹೆಂಗಸರನ್ನು ಕೂರಿಸಿಕೊಂಡು ಹೊರಟ ಆಟೊ, ಹೊಲದಿಂದ ಬರುವ ಟ್ರ್ಯಾಕ್ಟರ್, ಮಾಚೇನಹಳ್ಳಿಯಲ್ಲಿ ಪಾಳಿ ಮುಗಿಸಿ ರಸ್ತೆ ದಾಟುವ ಕಾರ್ಮಿಕ, ಇವರ್‍ಯಾರ ವೇಗವೂ ಡಾಂಬರು ಅಗಲವಾದ ಮಾತ್ರಕ್ಕೆ ಹೆಚ್ಚುವುದಿಲ್ಲ. ರಸ್ತೆ ಅಗಲವಾದಷ್ಟೂ ವೇಗದ ಮೇಲಿನ ನಿಗಾ ಬಿಗಿಯಾಗಬೇಕು ಎನ್ನುವುದು ಇದಕ್ಕೇ.

ನಿಲ್ಲಲು ಬೇಕಾದ ಜಾಗ

ಎದುರಿಗೆ ದನವೋ ಮಗುವೋ ಕಂಡ ಮೇಲೆ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಳ್ಳೋಣ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ವೇಗವನ್ನು ಪ್ರತಿ ಸೆಕೆಂಡಿಗೆ 7 ಮೀ./ಸೆ.ನಷ್ಟು ಇಳಿಸುತ್ತದೆ, ಮಳೆ ಬಿದ್ದ ರಸ್ತೆಯಲ್ಲಿ 4 ಮೀ./ಸೆ.ನಷ್ಟು. ಆಗ ಕಾರು ಪೂರ್ತಿ ನಿಲ್ಲಲು ಬೇಕಾದ ದೂರ:

ವೇಗ 40 – ಒಣ ರಸ್ತೆಯಲ್ಲಿ 25 ಮೀಟರ್, ಮಳೆಯಲ್ಲಿ 32
ವೇಗ 60 – ಒಣ ರಸ್ತೆಯಲ್ಲಿ 45 ಮೀಟರ್, ಮಳೆಯಲ್ಲಿ 60
ವೇಗ 70 – ಒಣ ರಸ್ತೆಯಲ್ಲಿ 56 ಮೀಟರ್, ಮಳೆಯಲ್ಲಿ 76
ವೇಗ 80 – ಒಣ ರಸ್ತೆಯಲ್ಲಿ 69 ಮೀಟರ್, ಮಳೆಯಲ್ಲಿ 95
ವೇಗ 100 – ಒಣ ರಸ್ತೆಯಲ್ಲಿ 97 ಮೀಟರ್, ಮಳೆಯಲ್ಲಿ 138

ರಸ್ತೆ ವಿನ್ಯಾಸ ಮಾಡುವ ಎಂಜಿನಿಯರುಗಳು ಇನ್ನೂ ಧಾರಾಳವಾಗಿ ಲೆಕ್ಕ ಹಿಡಿಯುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಲ್ಲಿ 60ರ ವೇಗಕ್ಕೆ ಚಾಲಕನಿಗೆ ಮುಂದಿನ 80 ಮೀಟರ್ ರಸ್ತೆ ಕಾಣುತ್ತಿರಬೇಕು. 80ರ ವೇಗಕ್ಕೆ 120 ಮೀಟರ್, 100ಕ್ಕೆ 180 ಮೀಟರ್.

ಪಟ್ಟಿಯೊಳಗಿನ ನಿಜವಾದ ಕಥೆ ಡಿಕ್ಕಿಯ ಕ್ಷಣದ್ದು. ಒಣ ರಸ್ತೆಯಲ್ಲಿ 70ರಲ್ಲಿದ್ದ ಕಾರು 56 ಮೀಟರಿಗೆ ನಿಂತಿತು. ಅದೇ ಜಾಗದಲ್ಲಿ ಅಪಾಯ ಕಂಡ, 100ರಲ್ಲಿದ್ದ ಕಾರು ಆ 56ನೇ ಮೀಟರನ್ನು ಮುಟ್ಟುವಾಗ ಅದರ ವೇಗ ಇನ್ನೂ 86 ಕಿ.ಮೀ.! ಮೊದಲ 42 ಮೀಟರ್ ಬ್ರೇಕ್ ಹಿಡಿಯುವ ಮುನ್ನವೇ ಕಳೆದುಹೋಗಿರುತ್ತದೆ. ಹೀಗಾಗಿ 30 ಕಿ.ಮೀ. ಹೆಚ್ಚಿನ ವೇಗ ಎಂದರೆ ಸ್ವಲ್ಪ ಜೋರಾದ ಡಿಕ್ಕಿ ಎಂದುಕೊಳ್ಳುವಂತಿಲ್ಲ. ಒಬ್ಬನಿಗೆ ಏನೂ ಆಗುವುದಿಲ್ಲ, ಇನ್ನೊಬ್ಬ 86ರಲ್ಲಿ ಗುದ್ದುತ್ತಾನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಗಳೂ ಇದನ್ನೇ ಹೇಳುತ್ತವೆ. ಕಾರಿನ ಮೂತಿ ಪಾದಚಾರಿಗೆ ಬಡಿಯುವ ವೇಗ 50ರಿಂದ 65ಕ್ಕೆ ಏರಿದರೆ ಸಾವಿನ ಸಂಭವ 4.5 ಪಟ್ಟು ಹೆಚ್ಚುತ್ತದೆ. ರಸ್ತೆಯ ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ.

ಈ ಕೊನೆಯ ಸೂತ್ರವನ್ನು ನಮ್ಮ 12 ಕಿ.ಮೀ.ಗೆ ಹಚ್ಚಿ ನೋಡಿ. ಸರಾಸರಿ ವೇಗ 70ರಿಂದ 66.5ಕ್ಕೆ, ಅಂದರೆ ಶೇ 5ರಷ್ಟು ಇಳಿದರೆ ಸಾವಿನ ಅಪಾಯ ಸುಮಾರು ಐದರಲ್ಲೊಂದು ಭಾಗ ತಗ್ಗುತ್ತದೆ. ಇದಕ್ಕೆ ಪ್ರತಿ ಚಾಲಕ ತೆರಬೇಕಾದ ಸಮಯ ಸುಮಾರು 32 ಸೆಕೆಂಡ್.

ರಾಜ್ಯದ ಲೆಕ್ಕ

2022ರಲ್ಲಿ ಕರ್ನಾಟಕದಲ್ಲಿ 39,762 ಅಪಘಾತಗಳಲ್ಲಿ 11,702 ಮಂದಿ ಸತ್ತರು. 2023ರಲ್ಲಿ 43,440 ಅಪಘಾತ, 12,321 ಸಾವು. ಅಂದರೆ ದಿನಕ್ಕೆ ಸುಮಾರು 34 ಹೆಣ. ದೇಶದಲ್ಲಿ 2022ರ ಸಾವು 1,68,491. ಅದರಲ್ಲಿ ಶೇ 71.2 ಅತಿವೇಗದ ಖಾತೆಗೆ ಸೇರಿದೆ. ಸತ್ತವರಲ್ಲಿ ಶೇ 44.5 ದ್ವಿಚಕ್ರ ವಾಹನದವರು, ಶೇ 19.5 ಪಾದಚಾರಿಗಳು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029.

ಶೇ 71 ಎಂಬ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಎಫ್‌ಐಆರ್‌ನಲ್ಲಿ 'ಅತಿವೇಗ ಮತ್ತು ಅಜಾಗರೂಕತೆ' ಎಂದು ಬರೆಯುವುದು ಸುಲಭ. ಬೀದಿದೀಪ ಇರಲಿಲ್ಲ, ಬಣ್ಣ ಬಳಿಯದ ಹಂಪ್ಸ್ ಇತ್ತು, ಕಾಮಗಾರಿ ನಡೆವಲ್ಲಿ ಫಲಕ ಇರಲಿಲ್ಲ ಎಂದು ಬರೆಯುವುದು ಕಷ್ಟ. ಕೆಟ್ಟ ವಿನ್ಯಾಸದಿಂದ ಸಾವಾದರೆ ಗುತ್ತಿಗೆದಾರರಿಗೆ ಅಥವಾ ಸಂಬಂಧಪಟ್ಟ ಪ್ರಾಧಿಕಾರಕ್ಕೆ ₹1 ಲಕ್ಷದವರೆಗೆ ದಂಡ ಹಾಕಲು ಮೋಟಾರು ವಾಹನ ಕಾಯ್ದೆಯ 198ಎ ಕಲಂನಲ್ಲಿ ಅವಕಾಶವಿದೆ. 500 ಮೀಟರ್ ಉದ್ದದ ಭಾಗದಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಸಂಭವಿಸಿದರೆ ಅದನ್ನು 'ಬ್ಲ್ಯಾಕ್ ಸ್ಪಾಟ್' ಎಂದು ಗುರುತಿಸುತ್ತಾರೆ. ಗುರುತಿಸಲಿಕ್ಕೂ ಮೊದಲು ಅಷ್ಟು ಜನ ಸಾಯಬೇಕು ಇಲ್ಲವೇ ತೀವ್ರವಾಗಿ ಗಾಯಗೊಳ್ಳಬೇಕು ಎಂಬುದು ಈ ನಿಯಮದ ಕೊರತೆ. ಆದರೂ ಡಿಕ್ಕಿಗೆ ಕಾರಣ ರಸ್ತೆಯೇ ಇರಲಿ, ದನವೇ ಇರಲಿ, ಅದು ಪೆಟ್ಟೋ ಸಾವೋ ಎಂದು ತೀರ್ಮಾನಿಸುವುದು ಆ ಹೊತ್ತಿನ ವೇಗವೇ.

₹1,000 ದಂಡದ ತೂಕ

2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿ ಕಾಯ್ದೆ ಅತಿವೇಗಕ್ಕೆ ಲಘು ವಾಹನಗಳಿಗೆ ₹1,000ದಿಂದ ₹2,000, ಭಾರಿ ವಾಹನಗಳಿಗೆ ₹2,000ದಿಂದ ₹4,000 ದಂಡ ಇಟ್ಟಿತು. ಕರ್ನಾಟಕದಲ್ಲಿ ಬೈಕ್, ಆಟೊ, ಕಾರುಗಳಿಗೆ ₹1,000, ದೊಡ್ಡ ವಾಹನಗಳಿಗೆ ₹2,000. ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ದಂಡವನ್ನು ಅದೇ ತಿಂಗಳು ₹1,000ದಿಂದ ₹500ಕ್ಕೆ ಇಳಿಸಲಾಯಿತು.

ದಂಡದ ಬಿಸಿ ಅದರ ಮೊತ್ತಕ್ಕಿಂತ ಅದು ಬೀಳುವ ಸಂಭವದಲ್ಲಿದೆ. ಕೆಲಸಕ್ಕೆಂದು ದಿನಾ ಹೋಗಿಬರುವವರು ತಿಂಗಳಿಗೆ 50 ಸಲ ಈ ರಸ್ತೆ ಹಿಡಿಯುತ್ತಾರೆ. ನೂರು ಸಲದಲ್ಲಿ ಒಂದು ಸಲ ಸಿಕ್ಕಿಬೀಳುತ್ತಾರೆ ಎಂದು ಊಹಿಸಿದರೆ ಪ್ರತಿ ಓಡಾಟಕ್ಕೆ ಬೀಳುವ ದಂಡ ₹10, ಒಂದು ಕಾಫಿಗೂ ಸಾಲದು. ದಂಡವನ್ನು ₹2,000ಕ್ಕೆ ಏರಿಸಿದರೂ ₹20 ಅಷ್ಟೆ. ಅದೇ ₹1,000 ದಂಡ ಹತ್ತರಲ್ಲಿ ಒಂದು ಸಲ ಬಿದ್ದರೆ ಓಡಾಟಕ್ಕೆ ₹100, ತಿಂಗಳಿಗೆ ₹5,000. ಆಗ ಮನೆಯವರೇ ಕಾಲು ಹಿಡಿದು ನಿಲ್ಲಿಸುತ್ತಾರೆ.

ಇದರ ನಡುವೆ ರಿಯಾಯಿತಿಯ ಆಸೆ ಬೇರೆ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ವಿನಾಯಿತಿ ಕೊಟ್ಟಾಗ ಬೆಂಗಳೂರಿನಲ್ಲೇ 41 ಲಕ್ಷ ಪ್ರಕರಣಗಳಿಂದ ₹120 ಕೋಟಿಗೂ ಹೆಚ್ಚು ಬಂತು. ಖಜಾನೆಗೆ ಅದು ಒಳ್ಳೆಯ ಸುದ್ದಿ. ಪ್ರಕರಣವೊಂದಕ್ಕೆ ಬಂದದ್ದು ಮಾತ್ರ ₹300ರ ಒಳಗೆ. ಕಾಯುತ್ತಾ ಕೂತರೆ ಅರ್ಧಕ್ಕೆ ಮುಗಿಯುತ್ತದೆ ಎಂಬ ಪಾಠವನ್ನೂ ಜನ ಅಲ್ಲಿಂದ ಕಲಿತರು.

ಮೈಸೂರು ಹೆದ್ದಾರಿಯ ಸಾಕ್ಷ್ಯ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಮೇ ತಿಂಗಳಲ್ಲಿ 29, ಜೂನ್‌ನಲ್ಲಿ 28 ಮಂದಿ ಸತ್ತರು. ಜುಲೈನಲ್ಲಿ ಪೊಲೀಸರು ವೇಗ ಅಳೆಯುವ ಗನ್ ಹಿಡಿದು ರಸ್ತೆಗಿಳಿದರು, ಆ ತಿಂಗಳ ಸಾವು 8. ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟದ್ದು ಆಗಸ್ಟ್ 1ರಿಂದ. ಅಂದರೆ ಮೊದಲ ಇಳಿಕೆ ಕಂಡದ್ದು ಆ ನಿಷೇಧಕ್ಕೂ ಮುಂಚೆಯೇ. ಮುಂದೆ ಕ್ಯಾಮೆರಾಗಳೂ ಬಂದವು. 2023ರ ಇಡೀ ವರ್ಷದಲ್ಲಿ 188 ಇದ್ದ ಸಾವು 2024ರಲ್ಲಿ 50ಕ್ಕೆ ಇಳಿಯಿತು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ದಾಖಲಿಸುವ ಆದೇಶವೂ ಜಾರಿಗೆ ಬಂತು.

ಕುಟುಂಬದ ಲೆಕ್ಕ

ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ತಿಂಗಳಿಗೆ ₹15,000 ದುಡಿಯುವ, ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ 30 ವರ್ಷದ ಗಂಡಸು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಸುಪ್ರೀಂ ಕೋರ್ಟಿನ ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ತೀರ್ಪುಗಳ ಸೂತ್ರದಂತೆ ಪರಿಹಾರ ಹೀಗೆ ಬರುತ್ತದೆ:

ತಿಂಗಳ ಆದಾಯ – ₹15,000
ಮುಂದಿನ ಏರಿಕೆಗೆ ಶೇ 40 ಸೇರಿಸಿ – ₹21,000
ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆದು – ₹14,000
ವರ್ಷಕ್ಕೆ – ₹1,68,000
30ರ ವಯಸ್ಸಿನ ಗುಣಕ 17ರಿಂದ ಗುಣಿಸಿ – ₹28,56,000

ಅಂತ್ಯಕ್ರಿಯೆ, ಸಾಂಗತ್ಯ ನಷ್ಟ ಮುಂತಾದ ಬಾಬ್ತುಗಳು ಇದರ ಮೇಲೆ. ಗುದ್ದಿದ ವಾಹನಕ್ಕೆ ಇನ್ಶೂರೆನ್ಸ್ ಇದ್ದರೆ ಕಂಪನಿ ಕೊಡುತ್ತದೆ, ಇಲ್ಲದಿದ್ದರೆ ಮಾಲೀಕರ ಮನೆ, ಅಡಿಕೆ ತೋಟದ ಮೇಲೆ ಬರುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿ ಬೈಕಿನ ಥರ್ಡ್ ಪಾರ್ಟಿ ಕಂತು ತೆರಿಗೆ ಬಿಟ್ಟು ವರ್ಷಕ್ಕೆ ₹714. ಅದನ್ನು ಉಳಿಸಲು ಹೋದವರು 4,000 ವರ್ಷದ ಕಂತಿನಷ್ಟು ಸಾಲ ಹೊರಬೇಕಾಗುತ್ತದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸತ್ತವರ ಮನೆಗೆ ಸಿಗುವುದು ₹2 ಲಕ್ಷ, ತೀವ್ರ ಗಾಯಕ್ಕೆ ₹50,000.

ಬದುಕುಳಿದವರಿಗೆ 2016ರಲ್ಲಿ ಬಂದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯಲ್ಲಿ ಮೊದಲ 48 ಗಂಟೆಗೆ ₹25,000ದವರೆಗಿನ ಚಿಕಿತ್ಸೆ ಇತ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ತಂದ ನಗದುರಹಿತ ಯೋಜನೆಯಲ್ಲಿ ಏಳು ದಿನಕ್ಕೆ ₹1.5 ಲಕ್ಷದವರೆಗೆ. ಎಂಟನೇ ದಿನದಿಂದ ಖರ್ಚು ಮನೆಯವರದು.

ಮಕ್ಕಳ ಕೈಗೆ ಗಾಡಿ ಕೊಡುವ ಅಪ್ಪ-ಅಮ್ಮಂದಿರಿಗೆ ಬೇರೆಯೇ ಲೆಕ್ಕವಿದೆ. 199ಎ ಕಲಂ ಪ್ರಕಾರ ₹25,000 ದಂಡ, ಮೂರು ವರ್ಷದವರೆಗೆ ಜೈಲು, 12 ತಿಂಗಳು ಆರ್‌ಸಿ ರದ್ದು. ಓಡಿಸಿದ ಮಗನಿಗೆ 25 ವರ್ಷ ತುಂಬುವವರೆಗೆ ಡಿಎಲ್ ಇಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ಇಂಥ ₹25,000 ದಂಡದ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ.

ಎರಡು ಕ್ಯಾಮೆರಾ, ಮೂರು ಅಂಕಿ

2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಶಿವಮೊಗ್ಗದ ವೃತ್ತಗಳಲ್ಲಿ ಕ್ಯಾಮೆರಾಗಳಿವೆ. ವೃತ್ತದಲ್ಲಿ ಸಿಗ್ನಲ್ ಹಾರಿದವರು, ಹೆಲ್ಮೆಟ್ ಇಲ್ಲದವರು ಸಿಗುತ್ತಾರೆ. ವೇಗ ಹೆಚ್ಚುವುದು ವೃತ್ತ ದಾಟಿದ ಮೇಲೆ. ಒಂದೇ ಕಡೆ ನಿಂತ ಇಂಟರ್‌ಸೆಪ್ಟರ್ ವಾಹನವನ್ನು ಎದುರಿನಿಂದ ಬರುವವರು ಲೈಟ್ ಮಿಣುಕಿಸಿ ಹೇಳಿಬಿಡುತ್ತಾರೆ. ಎಲ್ಲರೂ ಅಲ್ಲಿ 200 ಮೀಟರ್ ಸಭ್ಯರಾಗಿ, ಮುಂದೆ ಮತ್ತೆ ಮೊದಲಿನಂತೆ ಆಗುತ್ತಾರೆ.

ಇದಕ್ಕೆ ಪರಿಹಾರ ಸರಾಸರಿ ವೇಗದ ಲೆಕ್ಕ. 12 ಕಿ.ಮೀ. ಭಾಗದ ಎರಡು ತುದಿಯಲ್ಲಿ ನಂಬರ್ ಪ್ಲೇಟ್ ಓದುವ ಒಂದೊಂದು ಕ್ಯಾಮೆರಾ. 10 ನಿಮಿಷ 17 ಸೆಕೆಂಡಿಗಿಂತ ಬೇಗ ತಲುಪಿದ ಕಾರು 70 ಮೀರಿದೆ ಎಂದೇ ಅರ್ಥ, ನಡುವೆ ಎಲ್ಲಿ ಬ್ರೇಕ್ ಹಿಡಿದರೂ ಅಷ್ಟೇ. ಬ್ರಿಟನ್ನಿನ ರಸ್ತೆಗಳಲ್ಲಿ ಇದು ಹಳೆಯ ಪದ್ಧತಿ. ನಮ್ಮಲ್ಲೂ 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮ ಹೆದ್ದಾರಿಗಳ ಅಪಾಯದ ಭಾಗದಲ್ಲಿ ಇಂಥ ಉಪಕರಣಕ್ಕೆ ದಾರಿ ಮಾಡಿದೆ. ಎಚ್ಚರಿಕೆಯ ಫಲಕ ಇರಬೇಕು, ಉಪಕರಣಕ್ಕೆ ಪ್ರಮಾಣಪತ್ರ ಇರಬೇಕು, ನೋಟಿಸು 15 ದಿನದೊಳಗೆ ತಲುಪಬೇಕು.

ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಎಷ್ಟು ಕೇಸು ಹಾಕಿದೆವು, ಎಷ್ಟು ದಂಡ ವಸೂಲಾಯಿತು ಎಂಬ ಅಂಕಿಗಳಿಗೇ ನಿಲ್ಲಬಾರದು. ಮೂರು ತಿಂಗಳಿಗೊಮ್ಮೆ ಬೇರೆ ಮೂರು ಅಂಕಿಗಳನ್ನು ಪ್ರಕಟಿಸಲಿ: ಈ ರಸ್ತೆಯ ಸರಾಸರಿ ವೇಗ, ಮಿತಿ ಮೀರಿದ ವಾಹನಗಳ ಶೇಕಡಾವಾರು, ಸತ್ತವರ ಸಂಖ್ಯೆ. ಮೊದಲ ಎರಡು ಇಳಿದರೆ ಮೂರನೆಯದು ಇಳಿಯುತ್ತದೆ, ಮೈಸೂರು ಹೆದ್ದಾರಿ ಅದನ್ನು ತೋರಿಸಿದೆ. ಮೂರೂ ಇಳಿದ ವರ್ಷ ದಂಡದ ವಸೂಲಿಯೂ ಇಳಿದಿರುತ್ತದೆ. ಆ ಖೋತಾವನ್ನು ಇಲಾಖೆ ಸಾಧನೆಯ ಕಲಂನಲ್ಲಿ ಬರೆದುಕೊಳ್ಳಲಿ.